ಒರೆಸಿದ ಗೆರೆ

"ಟೈಲರ್, ಇಲ್ಲಿದ್ದ ಗೆರೆ ಎಲ್ಲಿ?"

ಕಾರಿನಡಿಯಿಂದ ತೆವಳಿ ಹೊರಬಂದವಳ ಹಣೆಯ ಮೇಲೆ ಗ್ರೀಸು, ಕಣ್ಣಲ್ಲಿ ಕೆಂಡ. ಡ್ರೈವಿಂಗ್ ಕಲಿಸುವುದು ಅವಳ ಕೆಲಸ. ನಾಳೆ ಬೆಳಿಗ್ಗೆ ಇದೇ ಕಾರಿನಲ್ಲಿ ಬೇರೆ ಊರಿನ ಹೊಸ ನೌಕರಿಗೆ ಹೊರಡಬೇಕು.

ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟಿನ ನಡುವಿನ ಬೇರಿಂಗ್ ಸವೆದು, ಸ್ಪೀಡ್ ಏರಿದರೆ ಸಾಕು, ಸೀಟೆಲ್ಲ ಗಡಗಡ ನಡುಗುತ್ತಿತ್ತು. ಬೆಳಿಗ್ಗೆಯಿಂದ ಒದ್ದಾಡಿ ಹೊಸದನ್ನು ಕೂರಿಸಿದ್ದಳು. ಶಾಫ್ಟ್ ಕಳಚುವ ಮೊದಲು ಅದರ ಎರಡು ತುಂಡುಗಳ ಮೇಲೂ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದಳು. ಗೆರೆಗೆ ಗೆರೆ ಕೂಡಿಸಿಯೇ ಜೋಡಿಸಬೇಕು. ತಪ್ಪಿದರೆ ಮತ್ತೆ ಅದೇ ನಡುಕ.

ಟಾರ್ಚ್ ಹಿಡಿಯಲು ಬಂದಿದ್ದ ಪಕ್ಕದ ಮನೆಯ ಟೈಲರ್ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದ.

"ಗಲೀಜಾಗಿತ್ತು. ಒರೆಸಿದೆ."

"ದಿನಾ ಬಟ್ಟೆ ಮೇಲೆ ಗೆರೆ ಹಾಕೋನು ನೀನು! ಕತ್ತರಿಸೋ ಮೊದಲೇ ನಾನದನ್ನ ಒರೆಸಿದ್ರೆ ಸುಮ್ನಿರ್ತಿದ್ಯಾ?"

ಅವನು ಕತ್ತೆತ್ತಿ ನೋಡಿದ, ಮತ್ತೆ ತಗ್ಗಿಸಿದ.

"ಬೇಕಂತಲೇ ಒರೆಸಿದೆ. ನೀನು ನಾಳೆ ಹೋಗ್ತೀಯಲ್ಲ, ಅದಕ್ಕೆ."

ಅವಳ ಮೈಯೆಲ್ಲ ಉರಿದುಹೋಯಿತು. ಎಷ್ಟು ಸಂಜೆ ಕಾಂಪೌಂಡ್ ಗೋಡೆಗೆ ಒರಗಿ ಅವನ ಬಾಯಿಂದ ಒಂದು ಮಾತು ಬರಲಿ ಎಂದು ಕಾದಿದ್ದಳು! ಬಂದದ್ದೆಲ್ಲ "ಊಟ ಆಯ್ತಾ?" ಅಷ್ಟೇ.

"ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡಿದ್ಯಾ? ಹೋಗ್ಬೇಡ ಅನ್ನೋಕೆ ಆಗ್ಲಿಲ್ಲ, ಕಾರು ಕೆಡಿಸೋಕೆ ಆಯ್ತು!"

"ಹೋಗ್ಬೇಡ ಅನ್ನೋಕೆ ನಾನ್ಯಾರು? ಆ ಕೆಲಸಕ್ಕೆ ಎಷ್ಟು ಆಸೆ ಪಟ್ಟಿದ್ದೀಯ ಅಂತ ಗೊತ್ತು ನಂಗೆ."

"ಗೊತ್ತಿದ್ದೂ ಒರೆಸಿದ್ಯಲ್ಲ! ಹಿಡಿ ಟಾರ್ಚು."

ಜೋಡಿಸಿದರು, ರಸ್ತೆಗಿಳಿಸಿದರು. ಕಾರು ನಡುಗಿತು. ಮತ್ತೆ ಕಳಚಿ, ಶಾಫ್ಟನ್ನು ಒಂದು ಬೋಲ್ಟಿನ ತೂತಿನಷ್ಟು ತಿರುಗಿಸಿ ಬಿಗಿದರು. ಮತ್ತೆ ನಡುಗಿತು. ಅವನ ಇಸ್ತ್ರಿ ಮಾಡಿದ ಬಿಳಿ ಶರ್ಟು ಮಸಿಯಾಯಿತು. ಅವಳಿಗೆ ಪಾಪ ಅನಿಸಲಿಲ್ಲ. ಸ್ವಲ್ಪ ಅನಿಸಿತು, ಅದಕ್ಕೂ ಸಿಟ್ಟು ಬಂತು.

ಮೂರನೆಯ ಸಲ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಅವನು ಕಿಟಕಿಯಾಚೆ ಮುಖ ತಿರುಗಿಸಿದ.

"ಸರಿಹೋಯ್ತು. ಇನ್ನು ನೀನು ಹೋಗ್ಬಹುದು."

ಅವಳು ಗಕ್ಕನೆ ಬ್ರೇಕ್ ಒತ್ತಿದಳು.

"ಇಷ್ಟೇನಾ? ಬೇರೇನೂ ಇಲ್ವಾ?"

ಅವನು ಅವಳತ್ತ ತಿರುಗಿದ.

"ನಾನೂ ಬರ್ಲಾ? ನಿನ್ನ ಬಿಟ್ಟು ಇರೋಕಾಗಲ್ಲ ನಂಗೆ. ಬಟ್ಟೆ ಎಲ್ಲಿ ಕೂತು ಬೇಕಾದ್ರೂ ಹೊಲೀತೀನಿ."

ಅವಳ ಕಣ್ಣು ತುಂಬಿತು, ದನಿ ಮಾತ್ರ ಇಳಿಯಲಿಲ್ಲ.

"ಇದನ್ನ ಬೆಳಿಗ್ಗೇನೇ ಬೊಗಳಿದ್ರೆ, ಇಷ್ಟೊತ್ತಿಗೆ ನಿನ್ನ ಮೆಷಿನ್ನು ಡಿಕ್ಕೀಲಿ ಇರ್ತಿತ್ತು, ಗೂಬೆ!"