ಇನ್ನೂ ಒಗರಿದೆ

"ಹೊರಗೆ ಹೋಗಿ!"

ಅವಳದೇ ಮನೆಯ ನೆಲಮಾಳಿಗೆಯಲ್ಲಿ, ಅವಳೇ ಮಾಡಿದ ಕೆಂಪು ವೈನ್‌ನ ಮೊದಲ ಬಾಟಲಿ ತೆರೆಯುವ ಹೊತ್ತಿಗೆ, ರುಚಿ ನೋಡಲು ಬಂದ ಅಪರಿಚಿತ ಅವಳನ್ನು ಕಂಡು ಆಡಿದ ಮೊದಲ ಮಾತು ಇದು.

"ಏನ್ರೀ ಅಂದ್ರಿ?"

"ಸೆಂಟ್ ಹಾಕ್ಕೊಂಡಿದ್ದೀರಿ. ತೊಳ್ಕೊಂಡು ಬನ್ನಿ. ಇಲ್ಲಾಂದ್ರೆ ನಾನು ವೈನ್ ಬಿಟ್ಟು ನಿಮ್ಮ ಸೆಂಟಿನ ರುಚಿ ಹೇಳ್ಬೇಕಾಗುತ್ತೆ."

ಎಷ್ಟು ಕೊಬ್ಬು ಈ ಮನುಷ್ಯನಿಗೆ! ಅವಳ ಕಿವಿ ಕೆಂಪಾಯಿತು. ಆದರೂ ಹೋಗಿ ಕುತ್ತಿಗೆಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದು ಬಂದಳು. ತಪ್ಪು ಅವಳದೇ. ರುಚಿ ನೋಡುವ ದಿನ ಮೈಮೇಲೆ ಯಾವ ಘಮವೂ ಇರಬಾರದೆಂದು ಅಪ್ಪ ಬದುಕಿದ್ದಾಗ ಸಾವಿರ ಸಲ ಹೇಳಿದ್ದರು.

ಅಪ್ಪ ತೀರಿಹೋದ ವರ್ಷದ ದ್ರಾಕ್ಷಿಯನ್ನು ಅವಳೊಬ್ಬಳೇ ನಿಂತು ಹಿಂಡಿಸಿ, ಪೀಪಾಯಿಗೆ ತುಂಬಿಸಿ, ಬಾಟಲಿಗೆ ಇಳಿಸಿದ್ದಳು. ಮನೆಯ ಪದ್ಧತಿಯ ಪ್ರಕಾರ, ಒಪ್ಪಿಗೆ ಸಿಗುವ ತನಕ ಪ್ರತಿ ವರ್ಷ ಬಳ್ಳಿ ಸವರುವ ಕೆಲಸ ಮುಗಿದ ಮೇಲೆ ಅದೇ ವೈನಿನ ಒಂದು ಬಾಟಲಿ ತೆರೆಯಬೇಕು. ಮನೆಯವರೊಬ್ಬರು, ಹೊರಗಿನ ರುಚಿಗಾರರೊಬ್ಬರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಬಾಯಿಗೆ ಹಾಕಿ, ಉಗುಳಿ, 'ಆಯ್ತು' ಅಥವಾ 'ಇನ್ನೂ ಬೇಕು' ಎನ್ನಬೇಕು. ಇಬ್ಬರೂ 'ಆಯ್ತು' ಅಂದರೆ ಮಾತ್ರ ಮನೆಯ ಚೀಟಿ ಅಂಟಿಸಿಕೊಂಡು ವೈನ್ ಹೊರಗೆ ಹೋಗುತ್ತದೆ. ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ, ಅದಕ್ಕೇ ಬೆನ್ನು.

ಆ ಮೊದಲ ವರ್ಷ ಇಬ್ಬರೂ "ಇನ್ನೂ ಬೇಕು" ಅಂದರು. ಒಗರು ಅಷ್ಟಿತ್ತು.

ಅವನು ತಿರುಗಿ, "ಯಾರು ಮಾಡಿದ್ದು ಇದನ್ನ?" ಎಂದ.

"ನಾನೇ. ಯಾಕೆ?"

"ಒಳ್ಳೇ ಒಗರು, ವರ್ಷ ಕಳೆದ ಹಾಗೆ ಇಳಿಯುತ್ತೆ. ಬಾಳೋ ವೈನ್ ಇದು," ಎಂದು ಅವಳನ್ನು ಒಂದು ಗಳಿಗೆ ಸುಮ್ಮನೆ ನೋಡಿದ.

ಬೈಸಿಕೊಂಡದ್ದನ್ನು ಅವಳು ವಾರದಲ್ಲಿ ಮರೆತಳು. ಆ ನೋಟವನ್ನು ಮಾತ್ರ ವರ್ಷವಿಡೀ ಮರೆಯಲಿಲ್ಲ.

ಎರಡನೇ ವರ್ಷವೂ ಇಬ್ಬರೂ "ಇನ್ನೂ ಬೇಕು" ಅಂದರು. ಆದರೆ ರುಚಿ ನೋಡಿದ ಮೇಲೆ ಅವನು ಹೊರಡಲಿಲ್ಲ. ಉಳಿದ ಬಾಟಲಿ ಇಟ್ಟುಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಇದ್ರಲ್ಲಿ ಹೊಸ ಚಪ್ಪಲಿ ಅಂಗಡಿ ಇದೆ, ನೋಡಿ," ಎಂದ.

"ರೀ! ನನ್ನ ವೈನ್‌ಗೆ ಚಪ್ಪಲಿ ಅಂತೀರಾ?"

"ಮೂಗಿಟ್ಟು ನೋಡ್ರೀ ಮೊದ್ಲು."

ನೋಡಿದಳು. ಹೌದು... ಹದ ಮಾಡಿದ ಹೊಸ ಚರ್ಮ, ಅದರ ಹಿಂದೆ ಕಪ್ಪು ಹಣ್ಣು! ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಮನೆಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದ ಸೋದರತ್ತೆ ಮೇಲಿನಿಂದ ಬಗ್ಗಿ ನೋಡಿ, "ಏನು, ಮೂಗುರಾಯರು ಇವತ್ತು ಇಲ್ಲೇ ಠಿಕಾಣಿನಾ?" ಎಂದರು. ಹೆಸರು ಅಂಟಿಕೊಂಡಿತು. ಅವನು ಹೋದ ಮೇಲೆ ಅವಳಿಗೆ ಮನೆ ಬಿಕೋ ಅನ್ನಿಸಿತು. ಅವನು ಇಷ್ಟವಾಗಿದ್ದ, ಅದರಲ್ಲಿ ಅನುಮಾನವೇ ಇರಲಿಲ್ಲ.

ಮೂರನೇ ವರ್ಷ ಅವನು ಜ್ವರದಿಂದ ಎದ್ದು, ಬಡಕಲಾಗಿ ಬಂದ. ರುಚಿ ನೋಡಿದ. "ಇನ್ನೂ ಬೇಕು. ಒಗರಿದೆ," ಎಂದ. ಮೆಟ್ಟಿಲ ಮೇಲೆ ಕೂರದೆ ಹೊರಟೇಹೋದ.

ಅವಳು ಆ ಸಲ "ಆಯ್ತು" ಅಂದಿದ್ದಳು. ಗ್ಲಾಸಿನಿಂದ ಏಳುತ್ತಿದ್ದ ಘಮಕ್ಕೆ ಅವಳಿಗೆ ತಲೆ ತಿರುಗುವಂತಾಗಿತ್ತು. ಇವನಿಗೆ ಮಾತ್ರ ಒಗರಂತೆ!

ನಾಲ್ಕನೇ ವರ್ಷ ಗೆಳತಿಯ ಮದುವೆಯಿಂದ ನೇರವಾಗಿ ಓಡಿಬಂದ ಅವಳು ಸೆಂಟ್ ತೊಳೆಯುವುದನ್ನೇ ಮರೆತಳು. ಬೆನ್ನಿಗೆ ಬೆನ್ನು ತಾಗಿಸಿ ನಿಂತ ಮೇಲೆ ನೆನಪಾಯಿತು. ಅಯ್ಯೋ! ಈಗ ಗದರುತ್ತಾನೆ...

ಅವನು ಗದರಲಿಲ್ಲ. "ಇನ್ನೂ ಬೇಕು," ಎಂದು ಹೇಳಿ ಚೀಲ ಎತ್ತಿಕೊಂಡ.

'ಬೈಯೋಕೂ ಲಾಯಕ್ಕಿಲ್ವಾ ನಾನು?' ಅವಳು ಆ ದಿನ ಊಟ ಮಾಡಲಿಲ್ಲ.

"ಅವರಿಗೆ ನಿನ್ನ ವೈನ್ ಹಿಡಿಸಿಲ್ಲ ಕಣೇ," ಎಂದರು ಅತ್ತೆ. "ಎಷ್ಟು ದಿನ ಅಂತ ಈ ಬಾಟಲಿಗಳಿಗೆ ಜಾಗ ಕೊಡ್ಲಿ? ಮುಂದಿನ ಸಲಾನೂ ಇದೇ ರಾಗ ಹಾಡಿದ್ರೆ ಬೆರಕೆ ವ್ಯಾಪಾರಿಗೆ ಸುರಿದುಬಿಡ್ತೀನಿ. ಅಷ್ಟೇ!"

ಬೆರಕೆ ಅಂದರೆ ಹತ್ತು ಕಡೆಯ ವೈನ್ ಒಂದೇ ತೊಟ್ಟಿಗೆ. ಅವಳ ಮೊದಲ ವೈನ್ ಹೇಳಹೆಸರಿಲ್ಲದೆ ಹೋಗುವುದಿತ್ತು. ಆ ಮೇಲೆ ಅವಳ ಕೈಗೆ ಈ ಮನೆಯಲ್ಲಿ ಯಾರೂ ಪೀಪಾಯಿ ಕೊಡುವುದಿಲ್ಲ.

ಮತ್ತೊಂದು ವರ್ಷ ಕಳೆಯಿತು. ಈ ಸಲ ತೀರ್ಪನ್ನು ಕಿವಿಯಾರೆ ಕೇಳಬೇಕೆಂದು ಅತ್ತೆಯೂ ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ಅವಳು ಕಾರ್ಕ್ ಎಳೆದು, ಎರಡೂ ಗ್ಲಾಸಿಗೆ ಸುರಿದು, ಒಂದನ್ನು ಅವನಿಗೆ ಕೊಟ್ಟು ಬೆನ್ನು ತಿರುಗಿಸಿದಳು. ಮೂಗಿಗೆ ಹಿಡಿದಳು.

ನೆಂದ ಹಳೇ ರಟ್ಟಿನ ವಾಸನೆ!

ಕಾರ್ಕ್ ಕೆಟ್ಟು ವೈನಿಗೆ ವಾಸನೆ ಹಿಡಿದಿತ್ತು. ಎಲ್ಲೋ ಒಂದು ಬಾಟಲಿಗೆ ಹೀಗಾಗುತ್ತದೆ, ಅದು ವೈನಿನ ತಪ್ಪಲ್ಲ. ಈ ಕೆಲಸಕ್ಕೆ ನಿನ್ನೆ ಸೇರಿದವರೂ ಮೂಸಿದ ಕೂಡಲೇ ಗ್ಲಾಸು ಪಕ್ಕಕ್ಕಿಟ್ಟು ಬೇರೆ ಬಾಟಲಿ ಕೇಳುತ್ತಾರೆ. ಅವನು ಕೇಳುತ್ತಾನೆಂದು ಕಾದಳು.

ಅವನು ಮೂಸಿದ. ಕುಡಿದ. ಬಾಯಲ್ಲಿ ಆಡಿಸಿ ಉಗುಳಿದ.

"ಆಯ್ತು!"

ಅವನ ದನಿಯಲ್ಲಿ ಸಂತೋಷವಿತ್ತು. ಅವಳು ಪದ್ಧತಿ ಮರೆತು ಗಿರ್ರನೆ ತಿರುಗಿದಳು.

"ಅತ್ತೆ ಹೇಳ್ಕೊಟ್ರಾ? ನನ್ನ ಮೇಲೆ ಕನಿಕರಾನಾ ನಿಮಗೆ?"

"ನಾನ್ಯಾಕೆ ಹೇಳ್ಕೊಡ್ಲೇ!" ಎಂದರು ಅತ್ತೆ ಮೆಟ್ಟಿಲಿಂದ.

"ಕನಿಕರ ಯಾಕೆ? ನಿಜವಾಗ್ಲೂ ಚೆನ್ನಾಗಾಗಿದೆ..." ಎಂದ ಅವನು.

"ಈ ರಟ್ಟಿನ ನಾತ ಹೊಡೀತಿರೋ ಬಾಟಲಿನಾ?"

ಅವನ ಮುಖ ಬಿಳಚಿಕೊಂಡಿತು. ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ವಾಸನೆ... ಬರ್ತಿದ್ಯಾ?"

ಅವಳಿಗೆ ತಟ್ಟನೆ ಎಲ್ಲ ಹೊಳೆಯಿತು. ಹೋದ ವರ್ಷದ ಸೆಂಟ್ ಕೂಡ!

"ಆ ಜ್ವರದಲ್ಲಿ ಹೋಯ್ತು," ಎಂದ. "ಏನೂ ಬರಲ್ಲ. ಮಿಕ್ಕ ವೈನ್ ಮನೆಗಳಿಗೆಲ್ಲ ಹೇಳಿ ಕೆಲಸ ಬಿಟ್ಟೆ. ಈಗ ಗಾಜಿನ ಸಾಮಾನಿನ ಅಂಗಡೀಲಿದ್ದೀನಿ."

"ಮತ್ತೆ ಇಲ್ಲಿಗೆ ಯಾಕ್ರೀ ಬಂದ್ರಿ?"

"ಹೇಳಿದ್ರೆ ಬೇರೆಯವರನ್ನ ಕರೀತಿದ್ರಿ. ವರ್ಷಕ್ಕೊಂದು ದಿನ ನಿಮ್ಮನ್ನ ನೋಡೋದೂ ತಪ್ಪಿಹೋಗ್ತಿತ್ತು. ಮೆಟ್ಟಿಲ ಮೇಲೆ ಕೂತ್ರೆ ಘಮದ ಮಾತು ಬರುತ್ತೆ, ಸಿಕ್ಕಿಬೀಳ್ತೀನಿ ಅಂತ ಓಡ್ತಿದ್ದೆ."

"ನನ್ನ ವೈನ್ ಈ ನಾಟಕದಲ್ಲಿ ಸತ್ತುಹೋಗಿದ್ರೆ? ನಿಮಗೇನು ಹೋಗ್ತಿತ್ತು?"

"ಮುಚ್ಚಿಟ್ಟಿದ್ದು ತಪ್ಪು. ಕ್ಷಮಿಸಿ. ಆದ್ರೆ ತೀರ್ಪಲ್ಲಿ ಸುಳ್ಳು ಹೇಳ್ಲಿಲ್ಲ. ಒಗರು ಬಾಯಿಗೆ ಗೊತ್ತಾಗೋದು, ಮೂಗಿಗಲ್ಲ. ಹೋದ ಸಲದ ತನಕ ಒಸಡು ಹಿಡೀತಿತ್ತು. ಇವತ್ತು ಹಿಡೀಲಿಲ್ಲ."

ಅವಳು ಇನ್ನೊಂದು ಬಾಟಲಿ ತಂದು ತೆರೆದಳು. ಈ ಸಲ ಇಬ್ಬರೂ ಎದುರುಬದುರು ನಿಂತರು. ಅತ್ತೆ ಆಕ್ಷೇಪಣೆ ಎತ್ತಲಿಲ್ಲ.

ಘಮ ಸರಿಯಿತ್ತು. ಕುಡಿದಳು. ವೈನ್ ನಾಲಿಗೆಯ ಮೇಲೆ ಎಲ್ಲೂ ತಡೆಯದೆ ಸರಿದುಹೋಯಿತು. ಹಿಂದಿನ ಎರಡು ಸಲವೂ ಅವಳು ಕೈಯಾರೆ ಮಾಡಿದ್ದರ ಘಮಕ್ಕೆ ಮರುಳಾಗಿ ಒಗರನ್ನು ಗಮನಿಸಿಯೇ ಇರಲಿಲ್ಲ. ಅಂದೇ ಮಾರಿದ್ದರೆ ಹೆಸರು ಕೆಡುತ್ತಿತ್ತು. ಸಿಟ್ಟು ಇನ್ನೂ ಇತ್ತು. ಅದರ ಜೊತೆಗೇ ಅಳುವೂ ಬಂತು.

"ಏನೇನಿದೆ ಅದ್ರಲ್ಲಿ?" ಎಂದು ಅವನು ಆಸೆಯಿಂದ ಕೇಳಿದ.

"ಒಣ ಅಂಜೂರ. ಬಿಸಿಲಿಗೆ ಹಾಕಿದ ಕಂಬಳಿ... ಚಪ್ಪಲಿ ಅಂಗಡಿ ಮುಚ್ಚಿದ್ದಾರೆ."

ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ, ತಾನೂ ಒಂದು ಗುಟುಕು ಬಾಯಲ್ಲಿ ಆಡಿಸಿದ. "ನನ್ನದು ಆಯ್ತು," ಎಂದ. "ನಿಮ್ಮದು?"

ಅವಳು 'ಆಯ್ತು' ಅಂದರೆ ಅವನು ಇಲ್ಲಿಗೆ ಬರುವುದೂ ಮುಗಿಯಿತು. ಅದು ಗೊತ್ತಿದ್ದೂ ಅವಳು ನಿಜವನ್ನೇ ಹೇಳಿದಳು.

"ಆಯ್ತು."

"ಅಬ್ಬಾ!" ಎನ್ನುತ್ತ ಅತ್ತೆ ಎದ್ದರು. ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಬೇಕೆಂದೇ ನಿಧಾನವಾಗಿ ಮೇಲೆ ಹೋಗಿ ಬಾಗಿಲು ಎಳೆದುಕೊಂಡರು.

ಅವನು ಚೀಲ ಎತ್ತಿಕೊಂಡ. "ಬರ್ತೀನಿ..."

"ಎಲ್ಲಿಗೆ? ಗಾಜಿನ ಅಂಗಡಿಗಾ? ಇದ್ರ ಪಕ್ಕ ಇನ್ನೊಂದು ವರ್ಷದ ವೈನ್ ಮಲಗಿದೆ. ಅದರಾಚೆ ಮತ್ತೊಂದು. ಒಗರು ನೋಡೋರು ಯಾರು?"

"ಹಾಗಾದ್ರೆ... ವರ್ಷಕ್ಕೊಂದ್ಸಲ ಬರ್ಲಾ?"

"ಸಾಕಾ ಅಷ್ಟು?"

ಚೀಲ ಅವನ ಕೈಯಿಂದ ಜಾರಿತು. "ಸಾಕಾಗಲ್ಲ," ಎಂದ. "ನಿನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ. ಆದ್ರೆ ಮೂಗು ಕೆಟ್ಟವನನ್ನ ಕಟ್ಕೊಂಡು ಏನ್ ಮಾಡ್ತೀಯ?"

ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. ಅಳುತ್ತಲೇ ನಕ್ಕಳು.

"ನನ್ನ ಅಡುಗೆ ಈ ಮನೇಲಿ ಯಾರೂ ಬಾಯಿಗಿಡಲ್ಲ. ನೀನಾದ್ರೂ ತಿಂತೀಯ."

"ಉಪ್ಪು, ಖಾರ ಗೊತ್ತಾಗುತ್ತೆ ಕಣೇ ನಂಗೆ."

"ಗೊತ್ತಾದ್ರೂ ಹೇಳ್ಬೇಡ."