ಏಳನೇ ದಿನದ ಪಾಠ

ಬೆಳಿಗ್ಗೆ ಎಂಟು ನಲವತ್ತಕ್ಕೆ ಠಾಣೆಗೆ ಬಂದ ದೂರು ಚಿಕ್ಕದು. ತಂದ ಹೆಂಗಸಿನ ಗಂಟಲು ದೊಡ್ಡದು. ಫುಟ್‌ಪಾತಿನ ಅಂಚಿಗೆ ಕೂತಿದ್ದ ಆಕೆಯ ಗಂಡನಿಗೆ, ಬೀಗ ರಿಪೇರಿಯವನಿಗೆ, ಡ್ರೈವಿಂಗ್ ಸ್ಕೂಲಿನ ಕಾರು ಗುದ್ದಿತ್ತು. ಬಲಗಾಲು ಮುರಿದಿತ್ತು.

"ಕಲಿಸೋನೇ ಕುಡಿದ್ರೆ ಕಲಿಯೋರ ಗತಿ ಏನು ಸಾರ್?"

ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿ ಜೀಪು ಹತ್ತಿದರು.

ಸ್ಥಳದಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು. ರಸ್ತೆ ಇಳಿಜಾರು. ಗುದ್ದಿದ ಜಾಗದಿಂದ ಹತ್ತಡಿ ಹಿಂದೆ ಕಾರು ನಿಂತಿತ್ತು: ಫುಟ್‌ಪಾತಿಗೆ ಗೇಣು ದೂರ, ಹ್ಯಾಂಡ್‌ಬ್ರೇಕ್ ಎಳೆದಿದೆ, ಉರುಳಿದರೂ ಅಂಚಿಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರಗಳು ಆ ಕಡೆ ತಿರುಗಿವೆ.

"ನಮ್ಮ ಜೀಪೂ ಇಷ್ಟು ಚೆನ್ನಾಗಿ ನಿಂತಿಲ್ಲ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್, ಅಳತೆ ಬರೆದುಕೊಳ್ಳುತ್ತ.

ಕಲಿಸುವವನ ಬಾಯಿಗೆ ಮದ್ಯ ಅಳೆಯುವ ಯಂತ್ರ ಹಿಡಿದರೆ ಮಿತಿಯ ಮೂರು ಪಟ್ಟು ತೋರಿಸಿತು. ಒಂಬತ್ತು ಇಪ್ಪತ್ತೈದಕ್ಕೆ ಆಸ್ಪತ್ರೆಯಲ್ಲಿ ರಕ್ತ ತೆಗೆಸಿದರು. ಆದರೆ ಕಲಿಯಲು ಬಂದಿದ್ದ ಐವತ್ತು ದಾಟಿದ ಹೆಂಗಸು ಒಂದೇ ಮಾತು ಹಿಡಿದು ಕೂತಿದ್ದಳು: ಸ್ಟೇರಿಂಗ್ ಹಿಡಿದಿದ್ದು ತಾನು. ಆಕೆ ಅವನ ಒಡಹುಟ್ಟಿದ ಅಕ್ಕ.

ಹತ್ತು ಗಂಟೆಗೆ ಅವನ ವಕೀಲರು ಠಾಣೆಗೆ ಬಂದರು.

"ಯಂತ್ರ ತಪಾಸಣೆ ಆಗಿದ್ದು ಯಾವಾಗ?"

"ಹೋದ ತಿಂಗಳು. ಕಾಗದ ಇದೆ."

"ರಕ್ತ?"

"ದೂರು ಬಂದ ಒಂದು ಗಂಟೆ ಒಳಗೆ. ಅದಕ್ಕೂ ಕಾಗದ ಇದೆ."

"ಓಡಿಸಿದ್ದು ಯಾರು ಅನ್ನೋದಕ್ಕೆ?"

ಅದಕ್ಕೆ ಕಾಗದ ಇರಲಿಲ್ಲ. ವಕೀಲರು ಆರಾಮವಾಗಿ ಕುರ್ಚಿಗೆ ಒರಗಿದರು. ಕುಡಿದು ಓಡಿಸಿದ ಕೇಸು ತಮ್ಮನಿಗೆ ಇದು ಎರಡನೇ ಸಲ. ಸಾಬೀತಾದರೆ ಜೈಲು, ಮೇಲೆ ಲೈಸೆನ್ಸೂ ರದ್ದು. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಅಕ್ಕನ ಮೇಲಾದರೆ ಕಲಿಯುವವಳ ಅಜಾಗರೂಕತೆ; ದಂಡಕ್ಕೆ ಮುಗಿದರೂ ಮುಗಿದೀತು.

ಇನ್ಸ್‌ಪೆಕ್ಟರ್ ಆಕೆಗೆ ನೀರು ಕೊಟ್ಟರು.

"ಗುದ್ದಿದ ಮೇಲೆ ಏನು ಮಾಡಿದ್ರಮ್ಮಾ?"

"ಹಿಂದಕ್ಕೆ ತಗೊಂಡು ಸೈಡಿಗೆ ನಿಲ್ಲಿಸ್ದೆ."

"ನೀವೇ?"

"ನಾನೇ."

"ಕಲಿಯೋಕೆ ಶುರುಮಾಡಿ ಎಷ್ಟು ದಿನ?"

"ಇವತ್ತಿಗೆ ಮೂರು."

"ಚಕ್ರ ಆ ಕಡೆ ಯಾಕೆ ತಿರುಗಿಸಿದ್ರಿ?"

"ಯಾವ ಚಕ್ರ?" ಎಂದವಳು ಕೂಡಲೇ, "ಹೂಂ, ತಿರುಗಿಸ್ದೆ. ಇವನೇ ಹೇಳಿಕೊಟ್ಟಿದ್ದ," ಎಂದಳು.

ಮೂಲೆಯ ಬೆಂಚಿನಲ್ಲಿ ತಲೆ ಜೋತುಬಿಟ್ಟು ಕೂತಿದ್ದ ಅವಳ ತಮ್ಮ ಕತ್ತೆತ್ತಿದ. ಹನ್ನೊಂದು ವರ್ಷ ಪಾಠ ಹೇಳಿದ ನಾಲಿಗೆ, ತಡೆಯಲಾಗಲಿಲ್ಲ.

"ಇಲ್ಲ ಸಾರ್, ಹೇಳಿಕೊಟ್ಟಿಲ್ಲ. ಇಳಿಜಾರಲ್ಲಿ ನಿಲ್ಲಿಸೋದು ಏಳನೇ ದಿನ. ಮೂರನೇ ದಿನಕ್ಕೆ ಅದನ್ನ ಹೇಳಿದ್ರೆ ತಲೆ ಕೆಟ್ಟುಹೋಗುತ್ತೆ."

ವಕೀಲರು ಕಣ್ಣು ಮುಚ್ಚಿಕೊಂಡರು.

"ಬಾಯಿ ಮುಚ್ಚೋ ಮುಂಡೇದೆ!" ಎಂದಳು ಅಕ್ಕ.

"ಬಿಡಕ್ಕ. ಓಡಿಸಿದ್ದೂ ನಾನೇ, ನಿಲ್ಲಿಸಿದ್ದೂ ನಾನೇ. ನೀನು ಪಕ್ಕದಲ್ಲಿ ನಿಧಾನ ನಿಧಾನ ಅಂತಿದ್ದೆ."

ಆಕೆಗೆ ಕಾರು ಕಲಿಯುವ ಆಸೆಯೇ ಇರಲಿಲ್ಲ. ತಮ್ಮ ಬೆಳಿಗ್ಗೆಯೇ ಬಾಟಲಿ ತೆಗೆಯುತ್ತಾನೆಂದು ಗೊತ್ತಾದ ಮೇಲೆ, ಕಾವಲಿಗೆಂದು ಫೀಸು ಕಟ್ಟಿ ಸೇರಿದ್ದಳು.

ಹತ್ತು ನಲವತ್ತಕ್ಕೆ ದಸ್ತಗಿರಿ. ಸುಳ್ಳು ಹೇಳಿಕೆ ಕೊಡಬಾರದೆಂದು ಅಕ್ಕನಿಗೆ ಎಚ್ಚರಿಕೆ ಕೊಟ್ಟು, ಅವಳ ಮೊದಲ ಹೇಳಿಕೆ ಬರೆದ ಹಾಳೆ ಹರಿಯದೆ ಫೈಲಿಗೇ ಸೇರಿಸಿದರು. ದಸ್ತಗಿರಿಯ ಕಾಗದಕ್ಕೆ ಸಹಿ ಹಾಕುವ ಮುಂಚೆ ತಮ್ಮ ಗೋಡೆ ಗಡಿಯಾರ ನೋಡಿದ.

"ಸಾರ್, ಹನ್ನೊಂದಕ್ಕೆ ನಂದು ಕೋರ್ಟಲ್ಲಿದೆ."

"ಏನು?"

"ಹಳೇ ಕುಡಿತದ ಕೇಸು. ಇವತ್ತು ತೀರ್ಪು. ಜಡ್ಜ್ ಮುಂದೆ ನಿಂತ್ರೆ ಕಾಲು ನಡುಗುತ್ತೆ. ಸ್ವಲ್ಪ ಧೈರ್ಯಕ್ಕೆ ಅಂತ..."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಅವನ ಕಾಲು ನೋಡಿದರು. ನಡುಗುತ್ತಿರಲಿಲ್ಲ. ಕೋರ್ಟಿಗೆಂದು ಜೀಪು ತರಲು ಹೇಳಿದರು.