ಊಟದ ನಂತರದ ಮೊದಲ ಇಸಿಜಿ

ಆ ಬುಧವಾರ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ಇಚಿಲಂಪಾಡಿಯ ರಸ್ತೆಯಲ್ಲಿ ಎಂಟು ಗಂಟೆಯಾದರೂ ಬೈಕುಗಳು ಲೈಟು ಹಾಕಿಕೊಂಡೇ ಹೋಗುತ್ತಿದ್ದವು. ಗಾಳಿ ಮಾತ್ರ ಒಂದಿಷ್ಟೂ ಇರಲಿಲ್ಲ.

ಸುರಕ್ಷಾ ಕೆಲಸಕ್ಕೆ ಬಂದು ಕ್ಲಿನಿಕ್ಕಿನ ಬಾಗಿಲು ತಳ್ಳಿದಾಗ ಅವಳ ಮೇಜಿನ ಕೆಳಗೆ ಗುರುತಿಲ್ಲದ ಒಬ್ಬ ಕೂತಿದ್ದ. ಕಂಪ್ಯೂಟರನ್ನು ಬಿಚ್ಚಿಟ್ಟಿದ್ದ.

"ಇಸಿಜಿ ಕಳಿಸುದು ನೀವಾ?" ತಲೆ ಎತ್ತದೆ ಕೇಳಿದ. "ನಿನ್ನೆಯದ್ದು ನಿಜವಾಗಿ ಕಳಿಸಿದ್ರಾ?"

ರಾತ್ರಿಯಿಡೀ ಅತ್ತಿದ್ದ ಸುರಕ್ಷಾಳ ಕಣ್ಣು ಮತ್ತೆ ಉರಿಯಿತು.

"ಕಳಿಸಿದೆ. ಕಳುಹಿಸಲಾಗಿದೆ ಅಂತ ಪರದೆಯಲ್ಲಿ ಬಂತು. ನನ್ನನ್ನು ಸುಳ್ಳುಗಾರ್ತಿ ಮಾಡ್ಲಿಕ್ಕೆ ಬಂದದ್ದಾ ನೀವು?"

ಅವನು ಆಗ ತಲೆ ಎತ್ತಿ ನೋಡಿದ. ಏನೋ ಹೇಳಹೊರಟು ನುಂಗಿಕೊಂಡ. ಆ ನುಂಗಿದ ಮಾತೇ ಮುಂದೆ ಇಬ್ಬರನ್ನೂ ಸುಡಲಿತ್ತು...

ಅವನು ಕೀರ್ತನ್. ಕುಂಬ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಸುರಕ್ಷಾಳಿಗೆ ರಜೆಯಿರುವ ಭಾನುವಾರಗಳಂದು ಬಂದು ಈ ಕ್ಲಿನಿಕ್ಕಿನ ಕಂಪ್ಯೂಟರನ್ನು ನೋಡಿಕೊಳ್ಳುವವನೂ ಅವನೇ.

ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ, ಕ್ಲಿನಿಕ್ಕಿನ ಡಾಕ್ಟರು ಇಲ್ಲದ ಹೊತ್ತಿನಲ್ಲಿ, ಬೆಳ್ಯಪ್ಪ ಗೌಡರು ಎದೆ ಹಿಡಿದುಕೊಂಡು ಬಂದಿದ್ದರು. ಸುರಕ್ಷಾ ಇಸಿಜಿ ತೆಗೆದು, ಪುತ್ತೂರಿನಲ್ಲಿದ್ದ ಹೃದಯದ ಡಾಕ್ಟರಿಗೆ ಕಳಿಸಿ, ಉತ್ತರಕ್ಕೆ ಕಾದಳು. ನಲವತ್ತು ನಿಮಿಷ ಕಾದಳು. ಉತ್ತರ ಬರಲಿಲ್ಲ. ಗೌಡರ ಉಸಿರು ನಿಂತಿತು. ಪುತ್ತೂರಿಗೆ ಏನೂ ತಲುಪಿಯೇ ಇರಲಿಲ್ಲ.

ಹುಡುಗಿ ಕಳಿಸುವುದನ್ನೇ ಮರೆತಳು ಎಂದಿತು ಊರು.

ಕೀರ್ತನ್ ದಿನಾ ಬರತೊಡಗಿದ. ಎಷ್ಟು ಸಲ ಕಳಿಸಿ ನೋಡಿದರೂ ಹೋಗುತ್ತಿತ್ತು. ಎಲ್ಲವೂ ಸರಿ ಇದೆ ಎನ್ನುತ್ತಿತ್ತು ಯಂತ್ರ. 'ಹಾಗಾದರೆ ತಪ್ಪಿದ್ದು ನಾನೇನಾ?' ಎಂದು ಸುರಕ್ಷಾ ತನ್ನ ಬೆರಳುಗಳನ್ನೇ ನಂಬದಾದಳು.

ಜೊತೆಗೆ ಕೆಲಸ ಮಾಡುವ ನರ್ಸ್ ನವ್ಯಾ ಮಾತ್ರ ಕೀಟಲೆ ಬಿಡಲಿಲ್ಲ. "ಜ್ವರ ಕಂಪ್ಯೂಟರಿಗಾ, ರಿಪೇರಿಯವರಿಗಾ ಮಾರಾಯ್ತಿ? ಅಂಗಡಿ ಬಾಗಿಲು ಹಾಕಿ ಇಲ್ಲೇ ಕೂತಿದ್ದಾರೆ."

ಸುರಕ್ಷಾಳಿಗೆ ನಗು ಬರಲಿಲ್ಲ. ಆದರೆ ಅವನು ಕಾಲು ಮಡಚಿ ಕೂತು ಸಾಲು ಸಾಲು ಅಕ್ಷರ ಓದುವುದನ್ನು ನೋಡುತ್ತಾ ಅವಳ ಎದೆ ಸ್ವಲ್ಪ ಹಗುರಾಗುತ್ತಿತ್ತು. ತನ್ನನ್ನು ನಂಬಿ ಹುಡುಕುವವನು ಒಬ್ಬನಾದರೂ ಇದ್ದಾನಲ್ಲ...

ಹದಿಮೂರನೆಯ ದಿನ ಅವಳೇ ಹೇಳಿದಳು. "ಒಂದು ವಿಷಯ ಉಂಟು. ದಿನಾ ಪುತ್ತೂರಿಗೆ ಫೋನ್ ಮಾಡಿ ಕೇಳಿದೆ. ಊಟ ಮಾಡಿ ಬಂದ ಮೇಲೆ ಮೊದಲು ಕಳಿಸಿದ್ದು ಮಾತ್ರ ಹೋಗುದಿಲ್ಲ. ಎರಡನೆಯದು ಹೋಗ್ತದೆ. ಗೌಡರದ್ದೂ ಊಟದ ನಂತರದ ಮೊದಲನೆಯದ್ದೇ."

ಕೀರ್ತನ್ ಆ ಸಾಲುಗಳನ್ನು ಮತ್ತೊಮ್ಮೆ ಓದಿದ. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದ. ಕಂಪ್ಯೂಟರಿನ ತಿರುಳಾದ ಕರ್ನಲ್‌ನಲ್ಲಿ ನೆಟ್‌ವರ್ಕ್ ಕಾರ್ಡಿಗೆ ಕೆಲಸ ಹೇಳುವ ಡ್ರೈವರ್ ಒಂದಿರುತ್ತದೆ. ಊಟದ ಹೊತ್ತಿನಂತೆ ಕೆಲಸವಿಲ್ಲದಾಗ ಕಾರ್ಡು ನಿದ್ದೆ ಹೋಗುತ್ತದೆ. ಅದನ್ನು ಎಬ್ಬಿಸಿ, ಎದ್ದಿತೇ ಎಂದು ನೋಡಿ, ಆಮೇಲೆ ಡ್ರೈವರ್ ಕೆಲಸ ಕೊಡಬೇಕು. ಈ ಡ್ರೈವರ್ ಕಾರ್ಡು ಎಚ್ಚರವಾಗುವ ಮೊದಲೇ ಕೊಡುತ್ತಿತ್ತು. ಮೊದಲು ಕೊಟ್ಟದ್ದು ಕಳೆದುಹೋಗುತ್ತಿತ್ತು. ಪರದೆ ಮಾತ್ರ ಹೋಯಿತು ಎನ್ನುತ್ತಿತ್ತು. ಯಾವಾಗಲೂ ಗಡಿಬಿಡಿಯಿರುವ ದೊಡ್ಡ ಆಸ್ಪತ್ರೆಗಳಲ್ಲಿ ಕಾರ್ಡು ಮಲಗುವುದೇ ಇಲ್ಲ; ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಮರುದಿನದಿಂದ ಅವನು ಬರಲಿಲ್ಲ.

ಕಾದು ಕಾದು ಸುರಕ್ಷಾ ನವ್ಯಾಳನ್ನು ಕೇಳಿದಳು. ನವ್ಯಾ ಕಣ್ಣು ತಪ್ಪಿಸುತ್ತಾ ಹೇಳಿದಳು. ಗೌಡರು ಸಾಯುವ ಎರಡು ದಿನ ಮೊದಲು, ಭಾನುವಾರ, ಹೊಸ ಕರ್ನಲ್ ಹಾಕಿ ಹೋದವನು ಕೀರ್ತನ್. ಹತ್ತು ಸಲ ಬೆನ್ನು ಬೆನ್ನಿಗೆ ಕಳಿಸಿ ನೋಡಿ, ಸರಿ ಉಂಟು ಎಂದಿದ್ದನಂತೆ. ಯಂತ್ರವನ್ನು ಸುಮ್ಮನೆ ಬಿಟ್ಟು ನೋಡಿರಲಿಲ್ಲ.

'ಅಷ್ಟು ದಿನ ನನ್ನ ಪಕ್ಕದಲ್ಲೇ ಕೂತು... ಗೊತ್ತಿದ್ದೂ...'

ಅವನ ಫೋನು ಬಂದರೂ ಅವಳು ಎತ್ತಲಿಲ್ಲ.

ಗೌಡರ ಉತ್ತರಕ್ರಿಯೆಯಾದ ಬೊಜ್ಜ ಕಳೆದ ಮರುದಿನ ಅವರ ಹೆಂಡತಿ ಕಮಲಾವತಿ ಊರು ಕಾಯುವ ದೈವದ ಎದುರು ನಿಂತು ಸುರಕ್ಷಾಳ ಹೆಸರು ಹೇಳಿ ದೂರು ಕೊಟ್ಟರು. ದೈವದ ಮುಂದೆ ಒಮ್ಮೆ ಹೇಳಿದ ಹೆಸರನ್ನು ಬೇರೆ ಯಾರೂ ಅಳಿಸಲಾರರು. ಹೇಳಿದವರೇ ಬಂದು ಹಿಂದೆ ತೆಗೆದುಕೊಳ್ಳಬೇಕು. ಕ್ಲಿನಿಕ್ಕಿಗೆ ಬಂದ ಹೆಂಗಸರು ನಾಡಿ ನೋಡಲು ಅವಳಿಗೆ ಕೈ ಚಾಚುವುದನ್ನು ಬಿಟ್ಟರು. ಡಾಕ್ಟರು ಸಂಕ್ರಮಣದವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರನ್ನು ಇಡುತ್ತೇನೆ ಎಂದರು.

ಸಂಕ್ರಮಣದ ಬೆಳಿಗ್ಗೆ ದೈವಸ್ಥಾನದಲ್ಲಿ ದೈವಕ್ಕೆ ತಂಬಿಲದ ಪೂಜೆ. ಸುರಕ್ಷಾ ಅಂಗಳದ ಹೊರಗೇ ನಿಂತಳು.

ಆಗ ಕೀರ್ತನ್ ಬಂದ. ಗಡ್ಡ ಬೆಳೆದಿತ್ತು. ಅವಳತ್ತ ನೋಡದೆ ನೇರ ಕಮಲಾವತಿಯ ಮುಂದೆ ಹೋಗಿ ಕೈಮುಗಿದ.

"ಅಮ್ಮಾ, ಅವರು ಕಳಿಸಿದ್ದಾರೆ. ಯಂತ್ರ ನುಂಗಿದ್ದು. ಆ ಯಂತ್ರಕ್ಕೆ ಹೊಸದನ್ನು ಹಾಕಿ ಸರಿಯಾಗಿ ನೋಡದೆ ಹೋದದ್ದು ನಾನು. ದೂರಿನಲ್ಲಿ ನನ್ನ ಹೆಸರು ಹೇಳಿ."

ಸೇರಿದವರೆಲ್ಲ ಅವನತ್ತ ತಿರುಗಿದರು.

ಕಮಲಾವತಿ ಅವನ ಮುಖವನ್ನೇ ನೋಡಿದರು. "ನಿನ್ನ ಹೆಸರು ಹೇಳಿದ್ರೆ ಅವರು ಎದ್ದು ಬರ್ತಾರಾ ಮಗಾ?"

ಕಮಲಾವತಿ ಸೆರಗಿನಿಂದ ಮುಖ ಒರೆಸಿಕೊಂಡು ದೈವದ ಕಡೆ ತಿರುಗಿದರು. ಕೊಟ್ಟ ದೂರನ್ನು ಹಿಂದೆ ತೆಗೆದುಕೊಂಡೆ ಎಂದು, ಯಾರ ಹೆಸರೂ ಎತ್ತದೆ, ತಪ್ಪುಕಾಣಿಕೆ ಇಟ್ಟರು. ಎದ್ದು ಹೋಗುವಾಗ ಸುರಕ್ಷಾಳ ಹತ್ತಿರ ಒಂದು ಕ್ಷಣ ನಿಂತರು. ತಲೆ ಮುಟ್ಟಿ ನಡೆದುಬಿಟ್ಟರು.

ಜನ ಕರಗಿದ ಮೇಲೆ ಇಬ್ಬರೇ ಉಳಿದರು.

"ಮೊದಲ ದಿನವೇ ಹೇಳ್ಬಹುದಿತ್ತು," ಅಂದಳು.

"ಹೆದರಿದೆ. ಆಮೇಲೆ... ನಿಮ್ಮ ಪಕ್ಕ ಕೂರುದು ತಪ್ಪಿ ಹೋಗ್ತದೆ ಅಂತ ಇನ್ನೂ ಹೆದರಿದೆ."

ಯಾರಿಗೂ ಹೇಳದ್ದನ್ನು ಹೇಳಿದಳು. "ನಾನೂ ಒಂದು ಫೋನ್ ಮಾಡ್ಬಹುದಿತ್ತು ಕೀರ್ತನ್. ನಲವತ್ತು ನಿಮಿಷ ಪರದೆಯನ್ನು ನಂಬಿ ಕೂತೆ."

"ಗೊತ್ತುಂಟು. ಅದನ್ನು ಒಬ್ಬರೇ ಹೊರಬೇಡಿ. ನನಗೂ ಪಾಲು ಕೊಡಿ... ಕೊಡ್ತೀರಾ, ಕೊನೆವರೆಗೆ?"

ಅವಳು ಅತ್ತಳು. ಅತ್ತು ಮುಗಿಸಿ ನಿಧಾನಕ್ಕೆ ಅಂದಳು, "ಬೆಳ್ಯಪ್ಪಣ್ಣನ ವರ್ಷ ಕಳೆಯಲಿ. ಆಮೇಲೆ ನಿಮ್ಮ ಮನೆಯವರನ್ನು ಕರ್ಕೊಂಡು ಬನ್ನಿ."

"ಕಾಯ್ತೇನೆ."

ಅವನು ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದ. ಡ್ರೈವರಿನ ತಿದ್ದುಪಡಿ. ಒಂಬತ್ತು ದಿನ ಕೂತು ಬರೆದು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿದ್ದ, ಅವರು ಒಪ್ಪಿಕೊಂಡಿದ್ದರು. ದೋಷವನ್ನು ಮೊದಲು ಕಂಡು ಹೇಳಿದವರ ಹೆಸರನ್ನು ತಿದ್ದುಪಡಿಯ ಕೆಳಗೆ ಬರೆಯುವುದು ಅಲ್ಲಿಯ ಕ್ರಮ ಎಂದ.

ಕೆಳಗಿನ ಸಾಲಿನಲ್ಲಿ ಸುರಕ್ಷಾ ಎಂದಿತ್ತು. ಊರೂ ಇತ್ತು, ಇಚಿಲಂಪಾಡಿ.

"ನಿಮ್ಮದು," ಎಂದು ಅವಳ ಕೈಯಲ್ಲಿಟ್ಟ. "ಕೊಡ್ಲಿಕ್ಕೆ ತಡ ಆಯ್ತು."